ಎತ್ತುವ ಮೊದಲೇ ಹೊಡೆಯುವ ಬಂದೂಕು

ಡೈರಿಯಲ್ಲಿ ಗುರುತಿಗೆಂದು ಇಟ್ಟ ಚೀಟಿಗಳು ಡೈರಿಗಿಂತ ಹೆಚ್ಚು ನಿಜ ಹೇಳುತ್ತವೆ. ಮೊನ್ನೆ ಹಳೆಯ ಡೈರಿಯೊಂದರ ಧೂಳು ಕೊಡವುವಾಗ ಅದರೊಳಗಿಂದ ಪೊಲೀಸ್ ಠಾಣೆಯ ಪಾವತಿ ಚೀಟಿಯೊಂದು ಬಿತ್ತು. ‘ಒಂದು ಬಂದೂಕು, ಕಟ್ಟಿಗೆ ಹಿಡಿಕೆ, ಹಿತ್ತಾಳೆ ಬಳೆ, ಡಿ.ಪಿ. ಎಂಬ ಗುರುತು, ಚುನಾವಣೆ ಸಲುವಾಗಿ ಜಮಾ’ ಎಂದು ಬರೆದು ಕೆಳಗೆ ಯಾರದೋ ಸಹಿ. ಆ ದಿನದ ಪುಟದಲ್ಲಿ ನಾನೇನು ಬರೆದಿದ್ದೇನೆಂದು ನೋಡಿದೆ. ‘ಇಂದು ವಿಶೇಷವೇನೂ ಇಲ್ಲ’ ಎಂದಿತ್ತು. ನನ್ನ ಡೈರಿಯ ಯೋಗ್ಯತೆ ಇಷ್ಟು. ಇನ್ನು ನನ್ನ ನೆನಪಿನ ಯೋಗ್ಯತೆ ಎಷ್ಟೆಂಬುದನ್ನು ನೀವು ಮುಂದೆ ಓದುವಿರಿ.

ನನಗೊಂದು ಹವ್ಯಾಸವಿದೆ, ಹೇಳಿಕೊಳ್ಳಲು ತುಸು ಸಂಕೋಚ. ಹಳೆಯ ಮಿಲಿಟರಿ ಬಂದೂಕುಗಳನ್ನು ಊರ ಜನ ಬೇಟೆಗೆಂದು ಕತ್ತರಿಸಿ, ಕೆತ್ತಿ, ತಮಗೆ ಬೇಕಾದಂತೆ ಬದಲಿಸಿಕೊಂಡದ್ದುಂಟಲ್ಲ, ಅವನ್ನು ನಾನು ಸಂಗ್ರಹಿಸುತ್ತೇನೆ. ಗಾಬರಿಯಾಗಬೇಡಿ. ನಮ್ಮ ಕಾನೂನಿನಲ್ಲಿ ಅಂಥದ್ದೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಕಷ್ಟ, ಸಾಲಾಗಿ ತೂಗುಹಾಕುವ ಮಾತು ದೂರ. ನನ್ನ ಸಂಗ್ರಹವೆಲ್ಲ ಇರುವುದು ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಯಾರ ಮನೆಯಲ್ಲಾದರೂ ಅಂಥ ಬಂದೂಕು ಇದೆಯೆಂಬ ಖಬರು ಸಿಕ್ಕರೆ ಭಾನುವಾರದ ಬಸ್ಸು ಹಿಡಿದು ಹೋಗುತ್ತೇನೆ. ಚಹಾ ಕುಡಿದು, ಬಂದೂಕು ನೋಡಿ, ಮನೆಯವರು ಹೇಳಿದ್ದನ್ನು ಬರೆದುಕೊಂಡು ಬರುತ್ತೇನೆ. ಪುಟದ ನಡುವೆ ಒಂದು ಗೆರೆ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನ ಚಟ ಇದು. ಎಡಗಡೆ ಯಾವತ್ತೂ ಮೂರು ಸಾಲು ದಾಟುವುದಿಲ್ಲ. ಬಲಗಡೆ ತುಂಬಿ, ಅಂಚಿಗೆ ಹರಿದು, ಪುಟದ ಬೆನ್ನಿಗೂ ಇಳಿದಿರುತ್ತದೆ.

ಬಂದೂಕಿನ ಸಹವಾಸವಿಲ್ಲದವರಿಗೆ ಒಂದು ಮಾತು. ಮಿಲಿಟರಿ ಬಂದೂಕಿಗೆ ನಳಿಗೆಯ ತುದಿಯವರೆಗೂ ಕಟ್ಟಿಗೆಯ ಹೊದಿಕೆ ಇರುತ್ತದೆ. ಸೈನ್ಯಕ್ಕೆ ಬೇಡವಾಗಿ ಲಿಲಾವಿಗೆ, ಅಂದರೆ ಹರಾಜಿಗೆ, ಬಂದದ್ದನ್ನು ಹಿಡಿದವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬಡಿಗೇರನ ಬಳಿ ಒಯ್ದು ಮುಂದಿನ ಅರ್ಧ ಕಟ್ಟಿಗೆ ತೆಗೆಸುವುದು. ಭಾರ ಇಳಿಯುತ್ತದೆ, ಗುಡ್ಡ ಹತ್ತಲು ಹಗುರ. ಫುಲ್‌ಪ್ಯಾಂಟ್ ಕತ್ತರಿಸಿ ಚಣ್ಣ ಹೊಲಿಸಿದಂತೆ ಅನ್ನಿ. ಚಿಕ್ಕಂದಿನಲ್ಲಿ ಅಪ್ಪನ ಹಳೆಯ ಪ್ಯಾಂಟುಗಳೆಲ್ಲ ಹೀಗೇ ಚಣ್ಣವಾಗಿ ನನ್ನ ಸೊಂಟಕ್ಕೆ ಬರುತ್ತಿದ್ದವು. ಕಾಲು ಕತ್ತರಿಸಿದರೂ ಕಿಸೆ ಕತ್ತರಿಸುತ್ತಿರಲಿಲ್ಲವಾದ್ದರಿಂದ ಚಣ್ಣದ ಕೆಳಗೆ ಎರಡು ಬಿಳಿ ಕಿಸೆಗಳು ಮೊಲದ ಕಿವಿಯಂತೆ ಇಣುಕುತ್ತಿದ್ದವು. ದೊಡ್ಡ ಕೆಲಸಕ್ಕೆಂದು ತಯಾರಾಗಿ ಸಣ್ಣ ಕೆಲಸಕ್ಕೆ ಬಿದ್ದವುಗಳ ಮೇಲೆ ನನಗೆ ಅಂದಿನಿಂದಲೂ ಮಮತೆ. ಪಿಎಚ್‌.ಡಿ. ಮಾಡಿ ದಿನವೂ ಹಾಜರಿ ಕರೆಯುವವನಿಗೆ ಅದು ಸಹಜವೇ.

ಲಕ್ಷ್ಮೇಶ್ವರದ ಒಂದು ವ್ಯಾಪಾರಿಗಳ ಮನೆಯ ಬಂದೂಕಿನ ಹಿಡಿಕೆ ತೊಟ್ಟಿಲ ಕಾಲಿನಿಂದ ಮಾಡಿದ್ದು. ಎಂಟು ಕೂಸು ತೂಗಿದ ಕಟ್ಟಿಗೆ, ಗುರಿ ತಪ್ಪಿದರೂ ತಾಳ ತಪ್ಪುವುದಿಲ್ಲ ಎಂದು ಮನೆಯ ಹಿರಿಯರು ನನಗೆ ಗಂಭೀರವಾಗಿ ಹೇಳಿದರು. ಶಿರಹಟ್ಟಿಯ ನಿವೃತ್ತ ಮಾಸ್ತರರ ಬಂದೂಕು ಪಂಚಾಯತಿಯಿಂದ ಪಾರ್ಲಿಮೆಂಟಿನವರೆಗಿನ ಎಲ್ಲ ಚುನಾವಣೆಗೂ ಠಾಣೆಗೆ ಜಮಾ ಆಗಿ ಆಗಿ, ಈಗ ಅವರ ಮನೆಗಿಂತ ಠಾಣೆಯಲ್ಲೇ ಹೆಚ್ಚು ದಿನ ಇರುತ್ತದೆ. ಮಾಸ್ತರರ ಹೆಂಡತಿ ಅದನ್ನು ‘ತವರಿಗೆ ಹೋಗೇತ್ರಿ’ ಅನ್ನುತ್ತಾರೆ. ಇನ್ನು ಮುಂಡರಗಿ ಕಡೆಯ ಮನೆಗಳಲ್ಲಿ ಬಂದೂಕಿಗೊಂದು ಚಿರತೆ ಕಡ್ಡಾಯ. ನನ್ನ ನೋಟುಬುಕ್ಕಿನ ಬಲಗಡೆ ಸತ್ತ ಚಿರತೆಗಳನ್ನು ಬಾಲಕ್ಕೆ ಮೂತಿ ಹಚ್ಚಿ ಮಲಗಿಸಿದರೆ ಕಪ್ಪತಗುಡ್ಡದ ಬುಡದಿಂದ ಮುಂಡರಗಿ ಬಸ್‌ಸ್ಟ್ಯಾಂಡಿನವರೆಗೆ ಸಾಲು ಬರುತ್ತದೆ. ವಿಚಿತ್ರವೆಂದರೆ ಅಷ್ಟೂ ಚಿರತೆಗಳು ಎಡಗಡೆಯಿಂದಲೇ ಹಾರಿವೆ. ಬಲಗಡೆಯಿಂದ ಹಾರಿದ ಒಂದೇ ಒಂದು ಚಿರತೆ ಇನ್ನೂ ನನಗೆ ಸಿಕ್ಕಿಲ್ಲ. ಇದನ್ನು ನಾನು ಸ್ಟಾಫ್‌ರೂಮಿನಲ್ಲಿ ಹೇಳಿ ಎಷ್ಟೋ ಸಲ ನಗಿಸಿದ್ದೇನೆ.

ಮಂದಿಯ ಚಿರತೆಯನ್ನು ಕೊಲ್ಲುವುದು ಸುಲಭ. ನಮ್ಮ ಮನೆಯ ಚಿರತೆಯ ಹತ್ತಿರ ಬಂದಾಗ ನನ್ನ ಪೆನ್ನು ಬಹಳ ವರ್ಷ ಮಿಸುಕಲಿಲ್ಲ.

ನಮ್ಮ ಮೂಲ ಮನೆ ಕಪ್ಪತಗುಡ್ಡದ ಸೆರಗಿನ ಡೋಣಿಯಲ್ಲಿ. ಅಜ್ಜ ದ್ಯಾಮನಗೌಡ ಪಾಟೀಲರು. ಅವರದೊಂದು ಚಣ್ಣ ತೊಟ್ಟ ಮಿಲಿಟರಿ ಬಂದೂಕು. ಬೆಟಗೇರಿಯ ಬಡಿಗೇರನೊಬ್ಬ ಅದರ ಕಟ್ಟಿಗೆ ಕತ್ತರಿಸಿ, ನಳಿಗೆ ಶುರುವಾಗುವ ಕಡೆ ಅಗಲವಾದ ಹಿತ್ತಾಳೆ ಬಳೆ ತೊಡಿಸಿದ್ದ. ಬಳೆಯ ಪಕ್ಕ ಇಂಗ್ಲಿಷಿನ ಎರಡು ಅಕ್ಷರ, ಡಿ.ಪಿ. ದ್ಯಾಮನಗೌಡ ಪಾಟೀಲ. ಬಿಳಿ ಸಾಹೇಬನೊಬ್ಬ ಚಿರತೆಯನ್ನು ಎದುರಿಸಿದ ಅಜ್ಜನ ಧೈರ್ಯಕ್ಕೆ ಮೆಚ್ಚಿ, ಹೆಸರು ಕೊರೆಸಿ, ಕೈಯಾರೆ ಕೊಟ್ಟದ್ದೆಂದು ಮನೆಯಲ್ಲಿ ಹೇಳುತ್ತಿದ್ದರು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಆ ಎರಡು ಅಕ್ಷರಕ್ಕೆ ಬೇರೆಯಾಗಿ ಕುಂಕುಮ ಹಚ್ಚುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಮೊದಲು ಕಲಿತ ಅಕ್ಷರ ಎ ಅಲ್ಲ, ಡಿ.

ಖಂಡೇಪೂಜೆಯ ಮರುದಿನ ಬನ್ನಿ ಮುಡಿಯುವ ಹಬ್ಬ. ಊರವರೆಲ್ಲ ಸೀಮೆಯ ಬನ್ನಿಗಿಡದ ಬಳಿ ಸೇರಿದಾಗ ಅಜ್ಜ ಬಂದೂಕನ್ನು ಆಕಾಶಕ್ಕೆ ಎತ್ತಿ ಒಂದು ಸಲ ಹಾರಿಸಬೇಕು, ಆ ಸದ್ದು ಕೇಳುವತನಕ ಯಾರೂ ಬನ್ನಿಗೆ ಕೈ ಹಚ್ಚುವಂತಿಲ್ಲ. ಇದು ನಮ್ಮ ಮನೆಯ ಮಾನ. ಊರಲ್ಲಿ ಒಂದು ಮಾತೇ ಇತ್ತು: ‘ಗೌಡ್ರ ಬಂದೂಕ ಎತ್ತೂಕಿಂತ ಮೊದ್ಲ ಹೊಡಿತೈತಿ.’ ಅಜ್ಜನ ಚುರುಕಿಗೆ ಊರು ಕೊಟ್ಟ ಬಿರುದು ಅದು. ನಮ್ಮಲ್ಲಿಗೆ ಹೆಣ್ಣು ಕೊಡಲು ಬಂದವರಿಗೆ ಈ ಮಾತನ್ನು ಹೇಳಿಯೇ ಚಹಾ ಕೊಡುತ್ತಿದ್ದರು.

ಸದ್ದನ್ನು ನಾನು ಕೇಳಿದ್ದೇನೆ. ಐದಾರು ವರ್ಷದವನಿರಬೇಕು, ಅವ್ವನ ಸೀರೆಯ ನಿರಿಗೆಯಲ್ಲಿ ಮುಖ ಹುದುಗಿಸಿದ್ದೆ. ಢಂ ಎಂದದ್ದು ಎದೆಗೆ ಬಡಿದು, ಗುಡ್ಡಕ್ಕೆ ಹೋಗಿ, ತಿರುಗಿ ಬಂತು. ಕಿವಿಯಲ್ಲಿ ಗುಂಯ್ ಎಂಬ ನಾದ. ಮದ್ದಿನ ಖಾರ ವಾಸನೆ. ಅಜ್ಜನ ಬಂದೂಕಿನ ತುದಿಯಿಂದ ಎದ್ದ ನೀಲಿ ಹೊಗೆ. ವಿದ್ಯಾರ್ಥಿಗಳಿಗೆ ‘ಪ್ರತ್ಯಕ್ಷ ಸಾಕ್ಷಿ’ ಎಂದರೇನೆಂದು ಹೇಳುವಾಗ ನಾನು ಇದನ್ನೇ ಉದಾಹರಣೆ ಕೊಡುತ್ತ ಬಂದಿದ್ದೇನೆ. ಮುಖ ಸೀರೆಯಲ್ಲಿದ್ದವನು ಹೊಗೆ ನೋಡಿದ್ದು ಹೇಗೆಂದು ಈವರೆಗೆ ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ. ನಮ್ಮ ಉನ್ನತ ಶಿಕ್ಷಣದ ಮಟ್ಟ ಇಲ್ಲಿ ತಿಳಿಯುತ್ತದೆ.

ಅಜ್ಜ ಹೋದ ಮೇಲೆ ಬಂದೂಕು, ಅದರ ಲೈಸೆನ್ಸು, ಬನ್ನಿಯ ಮಾನ ಮೂರೂ ನನ್ನ ಚಿಕ್ಕಪ್ಪ, ಅಂದರೆ ಕಾಕಾನ ಪಾಲಿಗೆ ಬಂದವು. ಕಾಕಾನ ಹೆಸರು ನಿಂಗನಗೌಡ. ಎಂಬತ್ತರ ಹತ್ತಿರದ ಮನುಷ್ಯ, ಈಗಲೂ ಹಂದಿ ಕಾಯಲು ಮೆಕ್ಕೆಜೋಳದ ಹೊಲಕ್ಕೆ ಬಂದೂಕು ಹೆಗಲೇರಿಸಿಕೊಂಡೇ ಹೋಗುತ್ತಾರೆ. ಬನ್ನಿಯ ದಿನ ಅವರು ಬಂದೂಕನ್ನು ಎತ್ತಿ ಇಳಿಸುತ್ತಿದ್ದರು, ಅಷ್ಟೇ. ಹಾರಿಸುತ್ತಿರಲಿಲ್ಲ. ಈಗಿನ ಕಾಯ್ದೆ ಬಿಗಿ ಎಂದು ನಾವೆಲ್ಲ ತಿಳಿದಿದ್ದೆವು.

ಮೂರು ವರ್ಷದ ಹಿಂದೆ ಬೆಟಗೇರಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರ ಪರಿಚಯವಾಯಿತು. ಸೈನ್ಯದಲ್ಲಿ ಬಂದೂಕು ದುರಸ್ತಿ ಮಾಡುತ್ತಿದ್ದವರು. ನನ್ನ ಮೊಬೈಲಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಬಂದು ಅಜ್ಜನ ಬಂದೂಕಿನ ಹತ್ತಿರ ನಿಂತರು. ನಾನು ಹೆಮ್ಮೆಯಿಂದ, ಅದು ನಮ್ಮ ಅಜ್ಜನ ಹೆಸರಿರುವ ಬಂದೂಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸರ್, ಸಿಟ್ಟಾಗಬ್ಯಾಡ್ರಿ. ಡಿ.ಪಿ. ಅಂದ್ರ ಡ್ರಿಲ್ ಪರ್ಪಸ್. ಹೊಸಾ ಹುಡುಗ್ರಿಗೆ ಲೆಫ್ಟ್-ರೈಟ್ ಕಲಿಸಾಕ ಇಟ್ಟದ್ದು. ಗುಂಡಿಗೆ ಬಡಿಯೂ ಒಳಗಿನ ಮುಳ್ಳು ಕಿತ್ತು, ನಳಿಗಿಗೆ ತೂತು ಹೊಡದಿರತಾರ. ಇದು ಹೊಡಿಯೂ ಬಂದೂಕ ಅಲ್ರಿ, ಹೆಗಲ ಮ್ಯಾಲ ಕುಂಡ್ರೂ ಬಂದೂಕ.”

ನಾನು ನಂಬಲಿಲ್ಲ. ಇತಿಹಾಸದವನು, ಆಧಾರ ಬೇಕು. ಮುಂದಿನ ಭಾನುವಾರ ಡೋಣಿಗೆ ಹೋಗಿ, ಕಾಕಾ ಊಟ ಮಾಡಿ ಅಡ್ಡಾದಾಗ, ಎಣ್ಣೆ ಹಚ್ಚುವ ನೆಪದಲ್ಲಿ ಬಂದೂಕು ತೆಗೆದುಕೊಂಡು ಕುಳಿತೆ. ಹಿತ್ತಾಳೆ ಬಳೆಯನ್ನು ಒತ್ತಿ ಸರಿಸಿದೆ. ಅರ್ಧ ಬೆರಳಿನಷ್ಟು ಸರಿಯಿತು. ಅದರ ಕೆಳಗೆ ಕಡಲೆಕಾಳು ಹೋಗುವಷ್ಟು ದುಂಡಗಿನ ತೂತು ನನ್ನನ್ನು ನೋಡುತ್ತಿತ್ತು. ಬೆಟಗೇರಿಯ ಬಡಿಗೇರ ಬಳೆ ತೊಡಿಸಿದ್ದು ಸಿಂಗಾರಕ್ಕಲ್ಲ. ಬಳೆಯನ್ನು ಮತ್ತೆ ಅದರ ಜಾಗಕ್ಕೆ ತಳ್ಳಿ, ಕೈ ತೊಳೆದುಕೊಂಡು, ಯಾರಿಗೂ ಏನೂ ಹೇಳದೆ ಗದಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಇದು ಹೊಡೆಯುವುದಿಲ್ಲವಾದರೆ ಅವತ್ತು ನನ್ನ ಕಿವಿಯಲ್ಲಿ ಗುಂಯ್ ಎಂದದ್ದು ಏನು?

ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ಮಂದಿಯ ಮನೆಯ ಚಿರತೆಗಳ ಬಗ್ಗೆಯೂ ನನ್ನ ನಗೆ ಸ್ವಲ್ಪ ಇಳಿಯಿತು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾನ ಫೋನು ಬಂತು. ಲೈಸೆನ್ಸು ನವೀಕರಿಸಬೇಕು, ಕಚೇರಿಯಲ್ಲಿ ಏನೋ ತೊಡಕು ಹೇಳುತ್ತಿದ್ದಾರೆ, ಇಂಗ್ಲಿಷ್ ಬರುವವರು ಬೇಕು. ದಸರೆಯೊಳಗೆ ಕಾಗದ ಆಗದಿದ್ದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಬಂದೂಕಿಲ್ಲದವರು ಬನ್ನಿಗೆ ಮುಂದೆ ನಿಲ್ಲುವಂತಿಲ್ಲ, ಆ ಮಾನ ಇನ್ನೊಂದು ಮನೆಗೆ ಹೋಗುತ್ತದೆ. ಕಾಕಾ ಇದನ್ನೆಲ್ಲ ಮೆಕ್ಕೆಜೋಳದ ಧಾರಣೆ ಹೇಳುವ ದನಿಯಲ್ಲೇ ಹೇಳಿದರು. ಕೊನೆಗೆ ಮಾತ್ರ, “ನಾ ಇರೂತನಕ ಆದ್ರೂ ಇರಲಿ, ತಮ್ಮಾ” ಎಂದರು. ನಮ್ಮ ಕಾಕಾ ಯಾರಿಗೂ ಏನನ್ನೂ ಬೇಡಿದ್ದನ್ನು ನಾನು ಕೇಳಿರಲಿಲ್ಲ.

ಕಚೇರಿಯ ಗುಮಾಸ್ತರು ಬಹಳ ಮರ್ಯಾದಸ್ಥರು. ತೊಡಕನ್ನು ಸಾವಧಾನವಾಗಿ ವಿವರಿಸಿದರು. ಈಗ ಹಳೆಯ ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು. ಬಂದೂಕಿನ ಮೇಲಿರುವ ಹೆಸರು ಡಿ.ಪಿ. ಲೈಸೆನ್ಸುದಾರರು ನಿಂಗನಗೌಡ ಪಾಟೀಲ, ಅಂದರೆ ಎನ್‌.ಪಿ. ಹೆಸರು ತಾಳೆಯಾಗುವುದಿಲ್ಲ. ಕಂಪ್ಯೂಟರು ಒಪ್ಪುವುದಿಲ್ಲ. ಆದ್ದರಿಂದ ಊರಿನ ಲೆಕ್ಕ ನೋಡುವ ತಲಾಠಿಯಿಂದ ವಂಶಾವಳಿ ತಂದು, ಡಿ.ಪಿ. ಎಂಬುವವರು ಎನ್‌.ಪಿ.ಯವರ ತಂದೆಯೆಂದು ಮನೆತನದ ತಿಳಿದವರೊಬ್ಬರು ಪ್ರಮಾಣಪತ್ರ ಬರೆದುಕೊಡಬೇಕು. ತಿಳಿದವರು ಎನ್ನುವಾಗ ಅವರು ನನ್ನ ಕಡೆ ನೋಡಿ ನಕ್ಕರು.

ನಾನು ಹಿಡಿದ ಪೆನ್ನನ್ನು ಕೆಳಗಿಟ್ಟೆ. ಡ್ರಿಲ್ ಪರ್ಪಸ್ ಎಂಬ ಕವಾಯತಿನ ಗುರುತನ್ನು ನಮ್ಮ ಅಜ್ಜ ಎಂದು ಪ್ರಮಾಣ ಮಾಡಬೇಕು. ಊರೂರು ತಿರುಗಿ ಮಂದಿಯ ಸುಳ್ಳನ್ನು ಬಲಗಡೆ ಬರೆದವನು ನಾನು. ಕಾಕಾನನ್ನು ಹೊರಗೆ ಕರೆದೆ. ಎದುರಿನ ಬೇವಿನ ಗಿಡದ ಕೆಳಗೆ ಚಹಾದ ಗಾಡಿ. ಎರಡು ಚಹಾ ಹೇಳಿ, ಎರಡು ವರ್ಷ ನುಂಗಿಕೊಂಡದ್ದನ್ನು ಕಕ್ಕಿದೆ: ಹವಾಲ್ದಾರರು ಹೇಳಿದ್ದು, ಬಳೆಯ ಕೆಳಗಿನ ತೂತು, ಡಿ.ಪಿ. ಎಂದರೆ ದ್ಯಾಮನಗೌಡ ಅಲ್ಲ ಎಂಬುದು. ಕಾಕಾ ಬಸಿಯಲ್ಲಿ ಚಹಾ ಸುರುವಿಕೊಂಡು ಊದಿ ಕುಡಿದರು.

“ಕವಾಯತಿಗೆ ಅಷ್ಟ ಅಂತ ಇಂಗ್ಲೀಷಿನಾಗ ಬರದೈತಿ. ಆತು. ಹಂದಿಗೆ ಇಂಗ್ಲೀಷ್ ಓದಾಕ ಬರತೈತೇನು?”

“ಕಾಕಾ, ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿಲ್ದ ಏನು? ಅಪ್ಪ ಗಿಡದ ಮುಂದ ಬಂದೂಕ ಎತ್ತಾಂವ, ನಾ ಹಿಂದಿನ ಹಾಳ ಗ್ವಾಡಿ ಮರಿಗಿ ಕುಂತು ಗರ್ನಾಲ ಹಚ್ಚಾಂವ. ಮದಿವ್ಯಾಗಿ ಎರಡು ಮಕ್ಕಳಾದ್ರೂ ಅದ ಕೆಲಸ.”

ನನ್ನ ಕಿವಿಯಲ್ಲಿ ಗುಂಯ್ ಎಂದದ್ದು ಜಾತ್ರೆ-ಹಬ್ಬಗಳಲ್ಲಿ ಸಿಡಿಸುವ ಸಾದಾ ಗರ್ನಾಲು. ಐವತ್ತು ವರ್ಷ ನಾನು ಪ್ರತ್ಯಕ್ಷ ಸಾಕ್ಷಿಯೆಂದು ಹೇಳಿಕೊಂಡದ್ದು ಒಂದು ಪಟಾಕಿಗೆ. ನನ್ನ ಮುಖ ನೋಡಿ ಕಾಕಾಗೆ ಮರುಕ ಬಂದಿರಬೇಕು, ಉಳಿದದ್ದನ್ನೂ ಹೇಳಿಬಿಟ್ಟರು.

“ಒಂದ ವರ್ಷ ಊದಿನಕಡ್ಡಿ ಕಿಡಿ ಗಾಳಿಗೆ ಹಾರಿ ಬತ್ತಿಗೆ ಬಿತ್ತು. ಅಪ್ಪ ಇನ್ನೂ ಬಂದೂಕ ಹೆಗಲಿಂದ ಇಳಿಸಿದ್ದಿಲ್ಲ. ಢಂ ಅಂತು. ಆಮ್ಯಾಲ ಕುರಿ ಕಾಯೂ ಮುದುಕ ಒಬ್ಬಾಂವ ಅಂದ, ‘ಗೌಡ್ರ ಬಂದೂಕ ಎತ್ತೂಕಿಂತ ಮೊದ್ಲ ಹೊಡಿತೈತಿ’ ಅಂತ.”

ನಾನು ಬಸಿ ಕೆಳಗಿಟ್ಟೆ. ಮೂರು ತಲೆಮಾರು ನಾವು ಬಿರುದೆಂದು ತಲೆಯ ಮೇಲೆ ಹೊತ್ತದ್ದು ಊರಿನ ಕುಚೇಷ್ಟೆ. ಹೆಣ್ಣು ಕೊಡಲು ಬಂದವರ ಮುಂದೆ ನಮ್ಮ ಹಿರಿಯರು ಅದನ್ನೇ ಎದೆಯುಬ್ಬಿಸಿ ಹೇಳುತ್ತಿದ್ದರು. ನನ್ನ ನೋಟುಬುಕ್ಕಿನಲ್ಲಿ ಆ ಮಾತನ್ನು ಬಲಗಡೆ ಬರೆದು, ಪಕ್ಕದಲ್ಲಿ ‘ಉತ್ಪ್ರೇಕ್ಷೆ’ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೆ. ಇಡೀ ಪುಸ್ತಕದಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ ಸಾಲು.

ಹಾಗಾದರೆ ಊರಿಗೆಲ್ಲ ಗೊತ್ತಿತ್ತೇ ಎಂದು ಕೇಳಿದೆ.

“ಊರಿಗೆ ಗೊತ್ತಿಲ್ಲದ್ದು ಏನೈತಿ? ಗೊತ್ತೈತಿ ಅಂತ ಯಾರೂ ಅನ್ನೂದಿಲ್ಲ. ಅದಕ್ಕ ಮರ್ಯಾದಿ ಅಂತಾರ.”

ಚಿರತೆಯ ಕಥೆಯನ್ನೂ ಕೇಳಿಬಿಟ್ಟೆ. ಚಿರತೆ ಬಂದದ್ದು ಖರೆಯಂತೆ. ಅದು ಅಜ್ಜನನ್ನು ನೋಡಿತು, ಅಜ್ಜ ಅದನ್ನು ನೋಡಿದ, ಇಬ್ಬರೂ ತಂತಮ್ಮ ಮನೆಗೆ ಹೋದರು. ಯಾವ ಕಡೆಯಿಂದ ಬಂತು ಎಂದೆ. ಕಾಕಾ ಸ್ವಲ್ಪ ಯೋಚಿಸಿ, ಎಡಗಡೆಯಿಂದ ಎಂದರು.

ಚಹಾ ಮುಗಿಯಿತು. ಕಾಕಾ ಧೋತರದ ಚುಂಗು ಕೊಡವಿ ಎದ್ದರು. “ನೀ ಕಲ್ತಾಂವ. ನಿನಗ ಖರೆ ಹೇಳಬೇಕನಸಿದ್ರ ಒಳಗ ಹೋಗಿ ಹೇಳು. ನಾ ಅಡ್ಡ ಬರೂದಿಲ್ಲ. ಬಂದೂಕ ಹೋದ್ರ ಹೋತು” ಎಂದು ಬೇವಿನ ಬುಡದಲ್ಲೇ ಬೆನ್ನು ತಿರುಗಿಸಿ ನಿಂತರು. ಹೆಗಲ ಮೇಲೆ ಬಂದೂಕಿರಲಿಲ್ಲ. ಆದರೂ ಆ ಹೆಗಲು ಸ್ವಲ್ಪ ಓರೆಯಾಗಿಯೇ ಇತ್ತು, ಅದನ್ನು ಹೊತ್ತು ಹೊತ್ತು.

ಒಳಗೆ ಹೋದೆ. ಹೇಳಬಾರದು ಎಂದುಕೊಂಡೇ ಹೋಗಿದ್ದೆ. ಪ್ರಮಾಣಪತ್ರದ ಮೇಲೆ ‘ಸತ್ಯವೆಂದು ಪ್ರಮಾಣ ಮಾಡುತ್ತೇನೆ’ ಎಂಬ ಸಾಲು ಕಂಡದ್ದೇ ತಡ, ಮೂವತ್ತು ವರ್ಷ ಆಧಾರ, ಆಕರ ಎಂದು ಪಾಠ ಮಾಡಿದ ಬಾಯಿ ತಾನೇ ತೆರೆದುಕೊಂಡಿತು. ಗುಮಾಸ್ತರಿಗೆ ಎಲ್ಲವನ್ನೂ ಹೇಳಿದೆ. ಇದು ಹೊಡೆಯುವ ಬಂದೂಕೇ ಅಲ್ಲ, ಇದಕ್ಕೆ ಲೈಸೆನ್ಸಾದರೂ ಯಾಕೆ ಎಂದೆ. ಹೇಳುತ್ತಿದ್ದಂತೆ ಕಿಟಕಿಯಾಚೆ ಕಾಕಾನ ಬೆನ್ನು ಕಾಣುತ್ತಿತ್ತು. ನನ್ನ ದನಿ ನನಗೇ ಅಸಹ್ಯವಾಯಿತು. ಸತ್ಯ ಹೇಳುವವನ ದನಿಯಲ್ಲಿ ಒಂದು ಪಾಲು ಚಾಡಿ ಹೇಳುವವನದೂ ಇರುತ್ತದೆಂದು ಅವತ್ತು ತಿಳಿಯಿತು.

ಗುಮಾಸ್ತರು ಅರ್ಧ ನಿಮಿಷ ಫೈಲು ತಿರುವಿದರು.

“ಸರ್, ನೀವು ಹೇಳೂದು ಖರೆ ಇರಬಹುದು. ಆದ್ರ ಇಷ್ಟೂ ವರ್ಷದ ಕಾಗದದಾಗ ಬಂದೂಕ ಅಂತ ಐತಿ. ದಾಖಲೆ ಪ್ರಕಾರ ಅದು ಹೊಡಿತೈತಿ.”

ಬೇಕಾದರೆ ತಂದು ತೋರಿಸುತ್ತೇನೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಹೊಡೆಯುವುದಿಲ್ಲವೆಂದು ಬರೆದರೆ, ಇಷ್ಟು ವರ್ಷ ಹೊಡೆಯುತ್ತದೆಂದು ಯಾಕೆ ಬರೆದಿರಿ ಎಂದು ಮೇಲಿನವರು ಕೇಳುತ್ತಾರೆ. ಪ್ರತಿ ಚುನಾವಣೆಗೂ ಅದನ್ನು ಕಾವಲು ಹಾಕಿ ಕಾಯ್ದವರನ್ನು ಕೇಳುತ್ತಾರೆ. ಅಷ್ಟು ಮಂದಿಯ ಮರ್ಯಾದೆ ಒಂದು ಕಡಲೆಕಾಳಿನ ತೂತಿನಲ್ಲಿ ಹೋಗಬೇಕೇ? ಪ್ರಮಾಣಪತ್ರದಲ್ಲಿ ಏನಾದರೂ ಬರೆಯಿರಿ, ಎರಡೂ ಹೆಸರು ಒಂದೇ ಹಾಳೆಯ ಮೇಲೆ ಬಂದರೆ ಸಾಕು, ಕಂಪ್ಯೂಟರು ಒಪ್ಪುತ್ತದೆ ಎಂದರು.

ಬರೆದೆ. ‘ಸದರಿ ಬಂದೂಕಿನ ಮೇಲಿನ ಡಿ.ಪಿ. ಎಂಬ ಅಕ್ಷರಗಳನ್ನು ನಮ್ಮ ಮನೆತನದಲ್ಲಿ ದ್ಯಾಮನಗೌಡ ಪಾಟೀಲ ಎಂದು ಓದುತ್ತ ಬಂದಿದ್ದೇವೆ. ನಿಂಗನಗೌಡ ಪಾಟೀಲರು ಸದರಿಯವರ ಮಗ.’ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಪಿಎಚ್‌.ಡಿ. ಪ್ರಬಂಧದ ಬಗ್ಗೆ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಹೊರಗೆ ಬಂದು ಕಾಕಾಗೆ, ಆತ್ರಿ, ಎಂದೆ. ಹೇಳಿದೆಯಾ ಎಂದು ಅವರು ಕೇಳಲಿಲ್ಲ. ಹೇಳಿದೆ ಎಂದು ನಾನೂ ಅನ್ನಲಿಲ್ಲ. ಬಸ್ಸು ಡೋಣಿಯ ಹತ್ತಿರ ಬಂದ ಮೇಲೆ ಮಾತ್ರ ಕಿಟಕಿಯ ಕಡೆ ಮುಖ ಮಾಡಿ, “ಅಪ್ಪ ಹೋದ ಮ್ಯಾಲ ಬಂದೂಕ ನಾ ಎತ್ತೀನಿ. ಗ್ವಾಡಿ ಹಿಂದ ಕುಂಡ್ರಾಕ ಯಾರೂ ಇಲ್ಲದಂಗಾತು” ಎಂದರು.

ಹೋದ ದಸರೆಯ ಬನ್ನಿಯ ಸಂಜೆ, ಇತಿಹಾಸ ವಿಭಾಗದ ಮುಖ್ಯಸ್ಥನಾದ ನಾನು ಡೋಣಿಯ ಬನ್ನಿಗಿಡದ ಹಿಂದಿನ ಹಾಳು ಗೋಡೆಯ ಮರೆಗೆ, ಕೈಯಲ್ಲಿ ಊದಿನಕಡ್ಡಿ ಹಿಡಿದು, ಮೊಣಕಾಲೂರಿ ಕುಳಿತಿದ್ದೆ. ಆಚೆ ಕಡೆ ಊರು ಸದ್ದಡಗಿತು. ಕಾಕಾ ಬಂದೂಕು ಎತ್ತಿದ್ದಾರೆಂದು ತಿಳಿಯಿತು. ಊದಿನಕಡ್ಡಿಯನ್ನು ಬತ್ತಿಗೆ ಹಿಡಿದೆ. ಬತ್ತಿ ಸಿಗಲಿಲ್ಲ. ಮತ್ತೆ ಹಿಡಿದೆ. ಕನ್ನಡಕ ಜಾರಿತು. ಎಂಬತ್ತು ವರ್ಷದ ತೋಳು ಎಷ್ಟು ಹೊತ್ತು ಎತ್ತಿ ಹಿಡಿದೀತು? ಬತ್ತಿ ಚುರ್ ಎಂದದ್ದೇ ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡೆ.

ಢಂ ಎಂದದ್ದು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಬೆರಳು ತೆಗೆದಾಗ ಯಾವುದೋ ಮುದುಕಿಯ ದನಿ ಸ್ಪಷ್ಟವಾಗಿ ಕೇಳಿಸಿತು.

“ಈ ಗೌಡ್ರ ಬಂದೂಕ ಇಳಿಸಿದ ಮ್ಯಾಲ ಹೊಡಿತೈತೆವ್ವಾ.”

ಊರೆಲ್ಲ ಹೋ ಎಂದು ನಗುತ್ತ ಬನ್ನಿಗೆ ನುಗ್ಗಿತು. ಆ ನಗೆಯಲ್ಲಿ ಕಾಕಾನ ನಗೆ ಎಲ್ಲಕ್ಕಿಂತ ದೊಡ್ಡದಾಗಿತ್ತೆಂದು ನನ್ನ ಭಾವನೆ. ಭಾವನೆ ಎಂದೇ ಬರೆಯುತ್ತಿದ್ದೇನೆ.

ಮನೆಗೆ ಬಂದು ನೋಟುಬುಕ್ಕು ತೆರೆದೆ. ಹಳೆಯ ಗಾದೆಯ ಪಕ್ಕದ ‘ಉತ್ಪ್ರೇಕ್ಷೆ’ಯನ್ನು ಹೊಡೆದು ಹಾಕಿದೆ. ಹೊಸದನ್ನು ಹೆಮ್ಮೆಯಿಂದ ಎಡಗಡೆ, ‘ಕಂಡದ್ದು’ ಎಂಬುದರ ಕೆಳಗೆ ಬರೆಯಲು ಹೋಗಿ ಪೆನ್ನು ನಿಂತಿತು. ಬಂದೂಕು ಎತ್ತಿದ್ದು ಕಂಡೆನೇ? ಇಲ್ಲ. ಇಳಿಸಿದ್ದು? ಇಲ್ಲ. ಸದ್ದಿನ ಹೊತ್ತಿಗೆ ನನ್ನ ಕಣ್ಣು ಮುಚ್ಚಿತ್ತು, ಐದು ವರ್ಷದವನಿದ್ದಾಗ ಸೀರೆಯಲ್ಲಿ ಮುಚ್ಚಿದ ಹಾಗೇ. ಹೊಸ ಮಾತನ್ನು ಬಲಗಡೆಯೇ ಬರೆದೆ. ಎಡಗಡೆ ಎಂದಿನಂತೆ ಮೂರು ಸಾಲೂ ಆಗಲಿಲ್ಲ:

‘ಒಂದು ಗೋಡೆ. ಒಂದು ಊದಿನಕಡ್ಡಿ.’